ಒಂದು ಕಂತು ಚೆನ್ನಾಗಿದೆಯಂತೆ

ಹಾರರ್ ಆಂಥಾಲಜಿಯನ್ನು, ಅಂದರೆ ಕಂತಿಗೊಂದು ಬಿಡಿ ಕಥೆಯ ಸರಣಿಯನ್ನು, ಯಾರೂ ಬರಿದೇ ಶಿಫಾರಸು ಮಾಡುವುದಿಲ್ಲ, ಜೊತೆಗೆ ಒಂದು ಪಟ್ಟಿ ಕೊಡುತ್ತಾರೆ. ‘ಮೂರನೇದು ಮಿಸ್ ಮಾಡಬೇಡಿ ಸಾರ್. ಐದನೇದು ಬಿಟ್ಟುಬಿಡಿ. ಆರನೇದರಲ್ಲಿ ಕೊನೇ ಹತ್ತು ನಿಮಿಷ ಸಾಕು. ಎಂಟನೇದು ಸ್ವಲ್ಪ ನಿಧಾನ, ಆದ್ರೆ ಅದು ಬೇರೇನೇ ಲೆವೆಲ್ಲು.’ ಎಂಟು ಕಂತಿನಲ್ಲಿ ಒಂದೂವರೆ ಮಾತ್ರ ನೋಡಬಹುದಾದದ್ದು ಎಂಬ ಸುದ್ದಿಯನ್ನು ಇಷ್ಟು ಸಂಭ್ರಮದಿಂದ ಹೇಳುವವರನ್ನು ನಾನು ಬೇರೆ ಯಾವ ಸರಕಿನ ವಿಷಯದಲ್ಲೂ ಕಂಡಿಲ್ಲ. ಇದೇ ಮಹಾಶಯರು ಸಿನಿಮಾದ ಸೆಕೆಂಡ್ ಹಾಫ್ ಸ್ವಲ್ಪ ಎಳೆದರೆ ನಿರ್ದೇಶಕನ ವಂಶವನ್ನೆಲ್ಲ ಜಾಲಾಡುತ್ತಾರೆ. ಆಂಥಾಲಜಿಯ ಮುಂದೆ ಕೂತರೆ ಮಾತ್ರ ಸಾಧುಗಳಾಗುತ್ತಾರೆ.

ನಮ್ಮ ಮೆಗಾ ಧಾರಾವಾಹಿಗಳನ್ನು ಬೈಯುವವರು ಅವುಗಳ ಪ್ರಾಮಾಣಿಕತೆಯನ್ನು ಗಮನಿಸಿಲ್ಲ. ಸೋಮವಾರ ಎಷ್ಟು ಕೆಟ್ಟದಾಗಿತ್ತೋ ಶುಕ್ರವಾರವೂ ಅಷ್ಟೇ ಕೆಟ್ಟದಾಗಿರುತ್ತದೆ. ಅತ್ತೆ ಹಾಲಿಗೆ ಏನನ್ನೋ ಬೆರೆಸುತ್ತಲೇ ಇರುತ್ತಾಳೆ, ಕ್ಯಾಮೆರಾ ಮೂರು ಸಲ ಅವಳ ಮುಖಕ್ಕೆ ನುಗ್ಗುತ್ತದೆ, ನಾವು ಧೈರ್ಯವಾಗಿ ಎದ್ದು ಹೋಗಿ ಒಗ್ಗರಣೆ ಹಾಕಿ ಬರಬಹುದು. ಆಂಥಾಲಜಿ ಈ ನೆಮ್ಮದಿ ಕೊಡುವುದಿಲ್ಲ. ಒಂದು ರಾತ್ರಿ ಎದೆ ನಡುಗಿಸುತ್ತದೆ, ಮರುದಿನ ರಾತ್ರಿ ರಬ್ಬರ್ ಬೊಂಬೆಯನ್ನು ಮುಂದೆ ತಂದು ನಿಲ್ಲಿಸಿ ‘ಹೆದರಿ’ ಎನ್ನುತ್ತದೆ. ಹೆದರದಿದ್ದರೆ ತಪ್ಪು ನಮ್ಮದೇ. ಅದಕ್ಕೆಂದೇ ಒಂದು ಶಬ್ದಭಂಡಾರ ತಯಾರಿದೆ. ಏನೂ ನಡೆಯದ ಕಂತಿಗೆ ‘ಸ್ಲೋ ಬರ್ನ್’ ಎಂದು ಹೆಸರು. ಬೊಂಬೆಯ ಹೊಲಿಗೆ ಕಂಡರೆ ‘ಪ್ರಾಕ್ಟಿಕಲ್ ಎಫೆಕ್ಟ್ಸ್’. ಕಥೆ ಮುಗಿಸಲು ಬರೆದವನಿಗೇ ದಾರಿ ಕಾಣದಿದ್ದರೆ ‘ಓಪನ್ ಎಂಡಿಂಗ್’. ಭಯ ಹುಟ್ಟದಿದ್ದರೆ ‘ಇದು ಸೈಕಲಾಜಿಕಲ್ ಸಾರ್’. ನಗು ಬಂದರೆ? ‘ಅದು ಉದ್ದೇಶಪೂರ್ವಕ.’

ಈ ಏರುಪೇರಿಗೆ ಎಲ್ಲರೂ ಕೊಡುವ ಕಾರಣ ಒಂದೇ: ಒಬ್ಬೊಬ್ಬ ನಿರ್ದೇಶಕ, ಒಂದೊಂದು ಬಜೆಟ್ಟು, ಒಂದೊಂದು ಕಥೆ. ವ್ಯತ್ಯಾಸ ಇರದೆ ಇರುತ್ತದೆಯೇ? ಒಪ್ಪಿಕೊಳ್ಳೋಣ ಎನ್ನುವಷ್ಟರಲ್ಲಿ ‘ಮಾಸ್ಟರ್ಸ್ ಆಫ್ ಹಾರರ್’ ನೆನಪಾಗುತ್ತದೆ. ಈ ವಾದದ ಕುತ್ತಿಗೆ ಹಿಸುಕಲೆಂದೇ ಯಾರೋ ಪ್ರಯೋಗಶಾಲೆಯಲ್ಲಿ ತಯಾರಿಸಿದಂತಿದೆ ಆ ಸರಣಿ.

ಅದರ ಜಾತಕ ಹೀಗಿದೆ. 2002ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಿಕ್ ಗ್ಯಾರಿಸ್ ಎಂಬ ನಿರ್ದೇಶಕ ಹಾರರ್ ಸಿನಿಮಾ ಮಾಡುವ ತನ್ನ ಗೆಳೆಯರನ್ನೆಲ್ಲ ರಾತ್ರಿಯೂಟಕ್ಕೆ ಸೇರಿಸಿದ. ಜಾನ್ ಕಾರ್ಪೆಂಟರ್, ಟೋಬ್ ಹೂಪರ್, ಜಾನ್ ಲ್ಯಾಂಡಿಸ್, ಗಿಯೆರ್ಮೋ ಡೆಲ್ ಟೋರೋ, ಹೀಗೆ ಘಟಾನುಘಟಿಗಳು. ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ ನಡೆಯುತ್ತಿತ್ತು. ಡೆಲ್ ಟೋರೋ ಎದ್ದು ನಿಂತು, ಮಾಸ್ಟರ್ಸ್ ಆಫ್ ಹಾರರ್ ಬಳಗದ ಪರವಾಗಿ ಅವರಿಗೆ ಶುಭಾಶಯ ಕೋರಿದ. ಎಲ್ಲರೂ ನಕ್ಕರು. ಆ ನಗೆಚಾಟಿಕೆ ಮೂರು ವರ್ಷದಲ್ಲಿ ಷೋಟೈಮ್ ಚಾನೆಲ್ಲಿನ ಕಾರ್ಯಕ್ರಮವಾಯಿತು. 2005ರ ಅಕ್ಟೋಬರಿನಲ್ಲಿ ಪ್ರಸಾರ ಶುರು, ಒಂದು ಸೀಸನ್ನಿಗೆ 13 ಕಂತು, ಕಂತಿಗೊಬ್ಬ ಮಾಸ್ಟರ್. ಹೆಸರಿಟ್ಟ ಡೆಲ್ ಟೋರೋ ಮಾತ್ರ ಅದರಲ್ಲಿ ಒಂದು ಕಂತನ್ನೂ ನಿರ್ದೇಶಿಸಲಿಲ್ಲ. ಜಾಣ. ಆ ಜಾಣತನದ ಮುಂದಿನ ಅಧ್ಯಾಯಕ್ಕೆ ಆಮೇಲೆ ಬರೋಣ.

ಇಲ್ಲಿ ನೋಡಬೇಕಾದದ್ದು ಏರ್ಪಾಡನ್ನು. ಬಹುಪಾಲು ಎಲ್ಲ ಕಂತುಗಳ ಚಿತ್ರೀಕರಣವೂ ಕೆನಡಾದ ವ್ಯಾಂಕೂವರಿನಲ್ಲಿ. ಎಲ್ಲರಿಗೂ ಹತ್ತು ದಿನ. ಬಜೆಟ್ಟು ಹೆಚ್ಚುಕಡಿಮೆ ಒಂದೇ. ರಕ್ತ, ಕರುಳು, ಮುಖವಾಡಗಳ ಕಸುಬಿಗೆ ಕೆಎನ್‌ಬಿ ಎಂಬ ಒಂದೇ ಕಂಪನಿ. ಕಂತಿಗೆ ಒಂದು ಗಂಟೆ. ಚಾನೆಲ್ಲಿನವರು ಕಥೆಗೆ ಕೈ ಹಾಕುವಂತಿಲ್ಲ. ಸಿಕ್ಕಿದವರನ್ನು ಹಿಡಿದು ತಂದದ್ದಲ್ಲ, ಆ ಕಾಲದ ಹಾರರ್ ಲೋಕದ ದೊಡ್ಡ ಹೆಸರುಗಳನ್ನೇ ಕರೆದದ್ದು. ಸಮಪಾಲು, ಸಮಬಾಳು, ಪೂರ್ತಿ ಸ್ವಾತಂತ್ರ್ಯ. ಫಲಿತಾಂಶ? ನಾಲ್ಕೈದು ಕಂತು ಇಂದಿಗೂ ಮೈ ಜುಮ್ಮೆನ್ನಿಸುತ್ತವೆ. ಉಳಿದವನ್ನು ನೋಡಿದರೆ ಜುಮ್ಮೆನ್ನುವುದು ಕಾಲು, ಕೂತು ಕೂತು.

ಕಾರ್ಪೆಂಟರ್‌ನನ್ನೇ ತೆಗೆದುಕೊಳ್ಳಿ. ಮೊದಲ ಸೀಸನ್ನಿನಲ್ಲಿ ಅವನು ಮಾಡಿದ್ದು ‘ಸಿಗರೆಟ್ ಬರ್ನ್ಸ್’. ಒಂದು ಹಳೆಯ ಚಿತ್ರ ಒಂದೇ ಸಲ ಪ್ರದರ್ಶನವಾಗಿ, ನೋಡಿದವರಿಗೆಲ್ಲ ಹುಚ್ಚು ಹಿಡಿದು, ಆಮೇಲೆ ಕಾಣೆಯಾಗಿದೆ. ಅದರ ಪ್ರಿಂಟ್ ಹುಡುಕಿಕೊಡಲು ಸಾಲದಲ್ಲಿ ಮುಳುಗಿದ ಚಿತ್ರಮಂದಿರದ ಮಾಲೀಕನೊಬ್ಬನನ್ನು ಶ್ರೀಮಂತ ಸಂಗ್ರಾಹಕನೊಬ್ಬ ನೇಮಿಸುತ್ತಾನೆ. ಆ ಶ್ರೀಮಂತನ ಮನೆಯ ಒಂದು ಕೋಣೆಯಲ್ಲಿ ಬಿಳಿಚಿಕೊಂಡ, ಬಡಕಲು ಮೈಯ ಒಬ್ಬನನ್ನು ಸರಪಳಿ ಹಾಕಿ ಕೂರಿಸಿದ್ದಾರೆ. ಅವನ ಬೆನ್ನಿನಲ್ಲಿ ಎರಡು ಗಾಯ. ಕತ್ತರಿಸಿ ತೆಗೆದ ರೆಕ್ಕೆಗಳು ಮನೆಯ ಅಲಂಕಾರದ ವಸ್ತುಗಳ ಜೊತೆಗಿವೆ. ಆ ಚಿತ್ರದಲ್ಲಿ ನಟಿಸಿದ ದೇವದೂತ ಅವನು. ಇದನ್ನು ಯಾರೂ ಕೂಗಿ ಹೇಳುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಕಿರುಚುವುದಿಲ್ಲ. ಆ ಶಾಪಗ್ರಸ್ತ ಚಿತ್ರವನ್ನು ಕಾರ್ಪೆಂಟರ್ ನಮಗೆ ತೋರಿಸುವುದೂ ಕೊನೆಯಲ್ಲಿ, ಅದೂ ಚೂರುಪಾರು. ನೋಡಿದವರ ಮುಖ ತೋರಿಸುತ್ತಾನೆ, ಉಳಿದದ್ದನ್ನು ನಮ್ಮ ತಲೆಗೆ ಬಿಡುತ್ತಾನೆ.

ಮರುವರ್ಷ ಅದೇ ಕಾರ್ಪೆಂಟರ್ ‘ಪ್ರೋ-ಲೈಫ್’ ಮಾಡಿದ. ಬರೆದವರೂ ‘ಸಿಗರೆಟ್ ಬರ್ನ್ಸ್’ ಬರೆದ ಅದೇ ಜೋಡಿ, ಡ್ರೂ ಮೆಕ್‌ವೀನಿ ಮತ್ತು ಸ್ಕಾಟ್ ಸ್ವಾನ್. ಸಂಗೀತ ಎರಡಕ್ಕೂ ಕಾರ್ಪೆಂಟರನ ಮಗನದು, ಊರು ಅದೇ ವ್ಯಾಂಕೂವರ್. ಗರ್ಭಪಾತದ ಕ್ಲಿನಿಕ್ಕಿಗೆ ಒಬ್ಬ ಹುಡುಗಿ ಓಡಿ ಬರುತ್ತಾಳೆ. ಹಿಂದೆಯೇ ಅವಳ ಅಪ್ಪ ಬಂದೂಕು ಹಿಡಿದು ಬರುತ್ತಾನೆ, ಹೊಟ್ಟೆಯಲ್ಲಿರುವ ಕೂಸಿನ ಅಪ್ಪ ನೆಲದೊಳಗಿಂದ ಬರುತ್ತಾನೆ. ಕೊನೆಯವನು ರಾಕ್ಷಸ. ಬಂದವನು ಕಾರಿಡಾರಿನಲ್ಲಿ ಪೂರ್ತಿ ಬೆಳಕಿನಲ್ಲಿ ಅಡ್ಡಾಡುತ್ತಾನೆ, ಅವನ ಸೂಟಿನ ಯಾವ ಭಾಗ ಎಲ್ಲಿ ಮಡಿಚುತ್ತದೆ ಎಂಬುದೂ ಕಾಣುವಷ್ಟು ಬೆಳಕು. ಕೊನೆಗೆ, ಪಾಪ, ರಾಕ್ಷಸನೇ ಬೇಜಾರು ಮಾಡಿಕೊಂಡು ಹೊರಟುಹೋಗುತ್ತಾನೆ. ಅವನ ದುಃಖ ನನಗೆ ಅರ್ಥವಾಯಿತು.

ಈಗ ಹೇಳಿ, ಇಲ್ಲಿ ಯಾರನ್ನು ದೂರುವುದು? ಬಜೆಟ್ಟನ್ನೇ? ಅದು ಬದಲಾಗಿಲ್ಲ. ಪ್ರತಿಭೆ ಒಂದು ವರ್ಷದಲ್ಲಿ ಆವಿಯಾಗಿ ಹೋಗುವಂಥದ್ದಲ್ಲ. ನನ್ನ ಅನುಮಾನ ಆ ‘ಮಾಸ್ಟರ್’ ಪಟ್ಟದ ಮೇಲೆ. ನಮ್ಮ ದೀಪಾವಳಿ ವಿಶೇಷಾಂಕಗಳಲ್ಲಿ ಏನಾಗುತ್ತದೆ ಎಂದು ಓದುಗರಿಗೆ ಗೊತ್ತೇ ಇದೆ. ಹಿರಿಯ ಕಥೆಗಾರರಿಗೆ ಸಂಪಾದಕರು ಫೋನು ಮಾಡಿ ‘ಸಾರ್, ತಾವು ಏನು ಕೊಟ್ಟರೂ ಸರಿ’ ಎನ್ನುತ್ತಾರೆ. ಸಾರ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಡ್ರಾಯರಿನ ತಳದಲ್ಲಿದ್ದದ್ದನ್ನು ಕೊಡುತ್ತಾರೆ. ಅದು ಮೊದಲ ಪುಟದಲ್ಲಿ, ದೊಡ್ಡ ಫೋಟೊ ಸಮೇತ. ನೂರ ಎಂಬತ್ತನೇ ಪುಟದಲ್ಲಿ, ಒಡವೆ ಜಾಹೀರಾತಿನ ಪಕ್ಕದಲ್ಲಿ, ಯಾರೋ ಹೆಸರು ಕೇಳದ ಹುಡುಗಿ ಬರೆದ ಕಥೆ ಇಡೀ ಸಂಚಿಕೆಯ ಮಾನ ಉಳಿಸಿರುತ್ತದೆ. ಷೋಟೈಮ್ ಮಾಡಿದ್ದೂ ಅದನ್ನೇ, ಡಾಲರುಗಳಲ್ಲಿ.

‘ಬೇಡ’ ಎನ್ನುವವರು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ‘ದಿ ವಾಷಿಂಗ್ಟೋನಿಯನ್ಸ್’ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ನಿರ್ದೇಶಕ ಪೀಟರ್ ಮೆಡಾಕ್. 1980ರಲ್ಲಿ ಈತ ‘ದಿ ಚೇಂಜ್‌ಲಿಂಗ್’ ಎಂಬ ದೆವ್ವದ ಮನೆಯ ಚಿತ್ರ ಮಾಡಿದ್ದ. ಅದರಲ್ಲಿ ಒಂದು ಮಗುವಿನ ಚೆಂಡು ಇದೆ. ಖಾಲಿ ಮನೆಯಲ್ಲಿ ಅದು ತಾನಾಗಿ ಮೆಟ್ಟಿಲಿಳಿದು ಬರುತ್ತದೆ. ನಾಯಕ ಅದನ್ನು ಕಾರಿನಲ್ಲಿ ಒಯ್ದು ಸೇತುವೆಯ ಮೇಲಿಂದ ನೀರಿಗೆ ಎಸೆದು ಮನೆಗೆ ಬರುತ್ತಾನೆ. ಬಾಗಿಲು ಮುಚ್ಚುತ್ತಾನೆ. ಮೆಟ್ಟಿಲ ಮೇಲಿಂದ ಅದೇ ಚೆಂಡು ಟಪ್ ಟಪ್ ಎಂದು ಇಳಿದು ಬರುತ್ತದೆ, ಒದ್ದೆಯಾಗಿ. ಅಷ್ಟೇ. ಒಂದು ಚೆಂಡು, ಒಂದಿಷ್ಟು ನೀರು, ಹತ್ತು ಮೆಟ್ಟಿಲು. ಆ ‘ಒದ್ದೆ’ ಎಂಬ ಒಂದು ವಿವರದಿಂದ ಆ ರಾತ್ರಿಯ ನಿದ್ದೆ ಹೋಗುತ್ತದೆ.

ಅಂಥವನಿಗೆ ಮಾಸ್ಟರ್ ಪಟ್ಟ ಕಟ್ಟಿ, ಪೂರ್ತಿ ಸ್ವಾತಂತ್ರ್ಯ ಕೊಟ್ಟು ಕೂರಿಸಿದಾಗ ಬಂದದ್ದು ಇದು: ಅಮೆರಿಕದ ರಾಷ್ಟ್ರಪಿತ ಜಾರ್ಜ್ ವಾಷಿಂಗ್ಟನ್ ನರಭಕ್ಷಕನಾಗಿದ್ದ. ಅಜ್ಜಿಯ ಮನೆಗೆ ಬಂದ ಮೊಮ್ಮಗನಿಗೆ ಹಳೆಯ ಭಾವಚಿತ್ರದ ಹಿಂದೆ ವಾಷಿಂಗ್ಟನ್ನನ ಪತ್ರ ಸಿಗುತ್ತದೆ, ಜೊತೆಗೆ ಮೂಳೆಯ ಫೋರ್ಕು. ಊರಿನ ಹಿರಿಯರೆಲ್ಲ ಪುಡಿ ಬಳಿದ ಬಿಳಿ ಟೋಪನ್ನು ತಲೆಗೇರಿಸಿ, ಹಲ್ಲು ಕಿರಿದು, ಮೇಜಿನ ಸುತ್ತ ಕೂತು ಮನುಷ್ಯಮಾಂಸ ಚಪ್ಪರಿಸುತ್ತಾರೆ. ಕಾಗದದ ಮೇಲೆ ಇದು ತೀಕ್ಷ್ಣವಾದ ವಿಡಂಬನೆ ಎನ್ನಿಸಬಹುದು. ಒಂದು ದೇಶ ತನ್ನ ಪಿತಾಮಹರ ಬಗ್ಗೆ ಹೇಳಿಕೊಳ್ಳುವ ಸುಳ್ಳುಗಳಿಗೆ ಇದಕ್ಕಿಂತ ಖಾರವಾದ ಮದ್ದಿಲ್ಲ. ಪರದೆಯ ಮೇಲೆ ಮಾತ್ರ ಶಾಲಾ ವಾರ್ಷಿಕೋತ್ಸವದ ಐತಿಹಾಸಿಕ ನಾಟಕದ ಪಾತ್ರಧಾರಿಗಳು ಹಸಿದು ಅಡುಗೆಮನೆಗೆ ನುಗ್ಗಿದ್ದಾರೆ. ವ್ಯಾಂಕೂವರಿನಲ್ಲಿ ಅಷ್ಟು ಜನ ಕೆಲಸಗಾರರಿದ್ದರು. ಒಬ್ಬರಾದರೂ ‘ಅಣ್ಣಾ, ಆ ಟೋಪನ್ ತೆಗೆಸಿಬಿಡೋಣವಾ?’ ಎಂದು ಕೇಳಬಾರದಿತ್ತೇ?

ಇನ್ನು ಗ್ಯಾರಿಸ್ ಮಹಾಶಯರ ಸ್ವಂತ ಕಂತು, ‘ಚಾಕೊಲೇಟ್’. ಊಟ ಹಾಕಿಸಿದವನಿಗೆ, ಚಾನೆಲ್ ಹಿಡಿದುಕೊಟ್ಟವನಿಗೆ, ಒಂದು ಕಂತು ಕೊಡದಿದ್ದರೆ ಹೇಗೆ? ಸಾಹಿತ್ಯ ಸಮ್ಮೇಳನ ನಡೆಸಿದವರ ಕವನವೂ ಕವಿಗೋಷ್ಠಿಯಲ್ಲಿ ಇರಬೇಕಾದದ್ದು ನ್ಯಾಯ. ಆಹಾರಕ್ಕೆ ಕೃತಕ ರುಚಿ ತಯಾರಿಸುವ ಒಬ್ಬನಿಗೆ ರಾತ್ರಿ ಇದ್ದಕ್ಕಿದ್ದಂತೆ ಬಾಯಲ್ಲಿ ಚಾಕೊಲೇಟ್ ರುಚಿ ಹತ್ತುತ್ತದೆ. ಎಲ್ಲೋ ಇರುವ ಹೆಂಗಸೊಬ್ಬಳ ಅನುಭವ ಇವನ ಮೈಯಲ್ಲಿ ಹಾದುಹೋಗುತ್ತದೆ. ಭಯ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದರೆ ಹೆಸರುಗಳ ಪಟ್ಟಿ ಬಂದುಬಿಡುತ್ತದೆ. ಲ್ಯಾಂಡಿಸನ ‘ಡಿಯರ್ ವುಮನ್’ನಲ್ಲಿ ಕೊಲೆಗಾರ್ತಿಗೆ ಜಿಂಕೆಯ ಕಾಲು. ಆದರೆ ಅವನು ಅದನ್ನು ನಗಿಸಲೆಂದೇ ಮಾಡಿದ್ದಾನೆ. ಜಿಂಕೆಯೊಂದು ಮನುಷ್ಯನನ್ನು ಹೇಗೆ ಕೊಂದಿರಬಹುದು ಎಂದು ಪತ್ತೇದಾರ ಬಗೆಬಗೆಯಾಗಿ ಊಹಿಸಿಕೊಳ್ಳುವ ಭಾಗ ನಿಜಕ್ಕೂ ಮಜವಾಗಿದೆ, ಅವನನ್ನು ಬಿಟ್ಟುಬಿಡೋಣ.

ಬೈದದ್ದು ಸಾಕು, ‘ಹೋಮ್‌ಕಮಿಂಗ್’ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಜೋ ಡ್ಯಾಂಟೆ ನಿರ್ದೇಶಿಸಿದ ಇದು 2005ರ ಡಿಸೆಂಬರಿನಲ್ಲಿ ಪ್ರಸಾರವಾಯಿತು. ಇರಾಕ್ ಯುದ್ಧ ಆಗ ನಡೆಯುತ್ತಲೇ ಇತ್ತು, ಶವಪೆಟ್ಟಿಗೆಗಳು ಬರುತ್ತಲೇ ಇದ್ದವು. ಟೀವಿ ಚರ್ಚೆಯಲ್ಲಿ ಕೂತ ಸರ್ಕಾರದ ವಕ್ತಾರನೊಬ್ಬ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕಣ್ಣು ಒದ್ದೆ ಮಾಡಿಕೊಂಡು, ಸತ್ತ ಸೈನಿಕರು ಎದ್ದು ಬರುವಂತಿದ್ದರೆ ಈ ಯುದ್ಧ ಎಷ್ಟು ಅಗತ್ಯ ಎಂದು ಅವರೇ ಹೇಳುತ್ತಿದ್ದರು ಎನ್ನುತ್ತಾನೆ. ಅಶ್ವಿನಿ ದೇವತೆಗಳು ಅಸ್ತು ಎಂದುಬಿಡುತ್ತಾರೆ. ಬಾವುಟ ಹೊದ್ದ ಪೆಟ್ಟಿಗೆಗಳೊಳಗಿಂದ ಹುಡುಗರು ಎದ್ದು ಬರುತ್ತಾರೆ. ಯಾರನ್ನೂ ಕಚ್ಚುವುದಿಲ್ಲ. ಅವರಿಗೆ ಬೇಕಾದದ್ದು ವೋಟು ಹಾಕುವುದು. ತಮ್ಮನ್ನು ಸಾಯಲು ಕಳಿಸಿದವರ ವಿರುದ್ಧ ವೋಟು.

ಮೊದಲು ಇದು ದೇವರ ಪವಾಡ ಎಂದು ಟೀವಿಯಲ್ಲಿ ಕೈಯೆತ್ತಿ ಕೊಂಡಾಡಿದ ಧರ್ಮಗುರು, ವೋಟು ಯಾವ ಕಡೆಗೆ ಎಂದು ಗೊತ್ತಾದ ಕೂಡಲೇ ಅದೇ ಹೆಣಗಳನ್ನು ಸೈತಾನನ ಕಡೆಗೆ ವರ್ಗಾಯಿಸುತ್ತಾನೆ. ನಡುವೆ ಒಂದು ಪುಟ್ಟ ದೃಶ್ಯ ಇದೆ. ಮಳೆಯ ರಾತ್ರಿ, ಒಂದು ಸಣ್ಣ ಹೋಟೆಲ್ಲು. ಹೊರಗೆ ಸತ್ತ ಸೈನಿಕನೊಬ್ಬ ನೆನೆಯುತ್ತ ನಿಂತಿದ್ದಾನೆ. ಹೋಟೆಲ್ ನಡೆಸುವ ದಂಪತಿಯ ಮಗನೂ ಯುದ್ಧಕ್ಕೆ ಹೋಗಿದ್ದಾನೆ. ಅವರು ಆ ಹೆಣವನ್ನು ಒಳಗೆ ಕರೆದು ಕೂರಿಸುತ್ತಾರೆ. ರಕ್ತವಿಲ್ಲ, ಕಿರುಚಾಟವಿಲ್ಲ. ಒಬ್ಬ ಸತ್ತವನನ್ನು ಇಬ್ಬರು ಬದುಕಿದ್ದವರು ಮನೆಯ ಹುಡುಗನ ಹಾಗೆ ನೋಡಿಕೊಳ್ಳುತ್ತಾರೆ ಅಷ್ಟೇ. ವೋಟು ಹಾಕಿದ ಹುಡುಗರು ಬಿದ್ದು ಶಾಶ್ವತವಾಗಿ ಸಾಯುತ್ತಾರೆ. ಸರ್ಕಾರ ಎಣಿಕೆಯಲ್ಲಿ ಕೈಚಳಕ ತೋರಿಸಿದಾಗ ಹಳೆಯ ಯುದ್ಧಗಳಲ್ಲಿ ಸತ್ತವರೂ ಗೋರಿ ಒಡೆದು ಎದ್ದು ಬರುತ್ತಾರೆ. ಸಿನಿಮಾ ಮಂದಿರಗಳಿಗಾಗಿ ಕೋಟಿಗಟ್ಟಲೆ ಸುರಿದು ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಆಗ ಹೇಳಲು ಧೈರ್ಯ ಮಾಡದ ಮಾತನ್ನು ಒಂದು ಕೇಬಲ್ ಚಾನೆಲ್ಲಿನ ಹೆಣದ ಕಥೆ ಹೇಳಿತು.

ಅದೇ ಸ್ವಾತಂತ್ರ್ಯ ‘ಹೋಮ್‌ಕಮಿಂಗ್’ ಕೊಟ್ಟಿತು, ಅದೇ ಸ್ವಾತಂತ್ರ್ಯ ಟೋಪನ್ ತೊಟ್ಟ ನರಭಕ್ಷಕರನ್ನೂ ಕೊಟ್ಟಿತು. ಹಾಗಿದ್ದರೆ ಚಾನೆಲ್ಲಿನವರು ಎಂದೂ ‘ಬೇಡ’ ಎನ್ನಲಿಲ್ಲವೇ? ಅಂದರು. ಪೂರ್ತಿ ಒಂದು ಕಂತನ್ನು ತಡೆಹಿಡಿದದ್ದು ಒಂದೇ ಸಲ: ಮೊದಲ ಸೀಸನ್ನಿಗಾಗಿ ಜಪಾನಿನ ತಕಾಶಿ ಮೀಕೆ ಮಾಡಿದ ‘ಇಂಪ್ರಿಂಟ್’. ಉಗುರಿನ ಸಂದಿಗೆ, ವಸಡಿಗೆ ಸೂಜಿ ಚುಚ್ಚುವ ದೀರ್ಘ ಚಿತ್ರಹಿಂಸೆ, ನದಿಗೆ ಎಸೆದ ಭ್ರೂಣಗಳು. ಷೋಟೈಮ್ ಬೆವರಿತು. ಹದಿಮೂರರಲ್ಲಿ ಹನ್ನೆರಡೇ ಪ್ರಸಾರವಾದವು. ಹೆದರಿಸಿ ಎಂದು ದುಡ್ಡು ಕೊಟ್ಟವರು, ಒಬ್ಬ ನಿಜವಾಗಿ ಹೆದರಿಸಿದಾಗ ಬಾಗಿಲು ಹಾಕಿಕೊಂಡರು. ಚಾಕೊಲೇಟಿಗೆ ಆಕ್ಷೇಪಣೆ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಮೀಕೆ ಹುತಾತ್ಮನಾಗುತ್ತಾನೆ, ಅಭಿಮಾನಿಗಳು ಮಾಡಿದ್ದೂ ಅದನ್ನೇ. ಪ್ರಸಾರವಾಗದ ಕಂತು ಎಂಬ ಬಿರುದಿನೊಂದಿಗೆ ಅದು ಡಿವಿಡಿಯಲ್ಲಿ ಬಂದಾಗ ಉಳಿದ ಹನ್ನೆರಡಕ್ಕಿಂತ ಹೆಚ್ಚು ಮಾತಾಯಿತು. ನಿಷೇಧ ಆದದ್ದೆಲ್ಲ ಶ್ರೇಷ್ಠ ಎಂಬ ನಂಬಿಕೆ ನಮ್ಮಲ್ಲೂ ಇದೆಯಲ್ಲ. ನೋಡಿದರೆ, ಜಪಾನಿ ಕಲಾವಿದರೆಲ್ಲ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾಯಕ ಬಿಲ್ಲಿ ಡ್ರಾಗೋ ಪ್ರತಿ ಸಾಲನ್ನೂ ಗಂಟಲು ಹರಿದುಕೊಂಡು ಒದರುತ್ತಾನೆ. ಅರ್ಧ ಗಂಟೆಯ ನಂತರ ಸೂಜಿಗಿಂತ ಅವನ ಬಾಯಿ ತೆರೆಯುವುದೇ ಭಯ ಹುಟ್ಟಿಸುತ್ತದೆ. ಅಂದರೆ ಏರುಪೇರು ಕಂತಿನಿಂದ ಕಂತಿಗೆ ಮಾತ್ರ ಅಲ್ಲ, ಒಂದೇ ಕಂತಿನ ಹೊಟ್ಟೆಯೊಳಗೂ ಇದೆ.

ಎರಡು ಸೀಸನ್ ಆದ ಮೇಲೆ ಷೋಟೈಮ್ ಕೈ ತೊಳೆದುಕೊಂಡಿತು. ಸರಣಿ ‘ಫಿಯರ್ ಇಟ್‌ಸೆಲ್ಫ್’ ಎಂದು ಹೆಸರು ಬದಲಿಸಿಕೊಂಡು 2008ರಲ್ಲಿ ಎನ್‌ಬಿಸಿ ಸೇರಿತು. ಹದಿಮೂರು ಕಂತು ತಯಾರಾದವು. ಎಂಟು ಪ್ರಸಾರವಾಗುವಷ್ಟರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಬಂತು. ದೆವ್ವಗಳು ಈಜುಗಾರರಿಗೆ ಜಾಗ ಬಿಟ್ಟುಕೊಟ್ಟವು. ಕ್ರೀಡಾಕೂಟ ಮುಗಿದ ಮೇಲೂ ಅವನ್ನು ಯಾರೂ ವಾಪಸ್ ಕರೆಯಲಿಲ್ಲ. ಮಂತ್ರವಾದಿ, ನಿಂಬೆಹಣ್ಣು, ಕುಂಬಳಕಾಯಿ ಯಾವುದರ ಅಗತ್ಯವೂ ಇಲ್ಲದೆ ಇಷ್ಟು ಸಲೀಸಾಗಿ ದೆವ್ವ ಬಿಡಿಸಿದ ಉದಾಹರಣೆ ಇನ್ನೊಂದಿಲ್ಲ.

ಇದೆಲ್ಲ ಹೊಸ ಕಾಯಿಲೆ ಎಂದುಕೊಳ್ಳಬೇಡಿ. ರಾಡ್ ಸರ್ಲಿಂಗ್ 1959ರಿಂದ 1964ರವರೆಗೆ ‘ದಿ ಟ್ವಿಲೈಟ್ ಝೋನ್’ ನಡೆಸಿದ. 156 ಕಂತುಗಳಲ್ಲಿ 92ನ್ನು ತಾನೇ ಬರೆದ. ಅಲ್ಲೂ ಜೊಳ್ಳಿತ್ತು. ಅರ್ಧ ಗಂಟೆಯ ಕಥೆಯನ್ನು ನಾಲ್ಕನೇ ಸೀಸನ್ನಿನಲ್ಲಿ ಚಾನೆಲ್ಲಿನವರು ಒಂದು ಗಂಟೆಗೆ ಎಳೆಸಿದಾಗ ಕಥೆಯ ಎಲುಬು ಮುರಿಯಿತು, ಐದನೆಯದಕ್ಕೆ ಮತ್ತೆ ಅರ್ಧ ಗಂಟೆಗೇ ಇಳಿಸಬೇಕಾಯಿತು. ಆದರೂ ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ ಒಬ್ಬ ಮನುಷ್ಯನ ಸಿಟ್ಟು, ಕಳವಳ ಕಾಣುತ್ತಿತ್ತು. ನಮ್ಮ ‘ಮಾಲ್ಗುಡಿ ಡೇಸ್’ ಕೂಡ ಬಿಡಿ ಕಥೆಗಳ ಸರಣಿಯೇ ಅಲ್ಲವೇ? ಆರ್.ಕೆ. ನಾರಾಯಣ್ ಕಥೆ, ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಬೀದಿ. ಯಾವ ಕಂತು ಸಪ್ಪೆಯಾದರೂ ಊರಂತೂ ಅದೇ ಊರು. ನಾವು ದಾರಿ ತಪ್ಪುತ್ತಿರಲಿಲ್ಲ.

ಸರ್ಲಿಂಗನ ದುರಂತ ಅವನ ಎರಡನೇ ಸರಣಿಯಲ್ಲಿ ನಡೆಯಿತು. 1970ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ‘ನೈಟ್ ಗ್ಯಾಲರಿ’ಗೆ ಅವನ ಮುಖ ಬೇಕಿತ್ತು, ತಲೆ ಬೇಕಿರಲಿಲ್ಲ. ಅಧಿಕಾರವೆಲ್ಲ ನಿರ್ಮಾಪಕ ಜ್ಯಾಕ್ ಲೇರ್ಡ್ ಕೈಯಲ್ಲಿ. ಎರಡು ಗಂಭೀರ ಕಥೆಗಳ ನಡುವೆ ಒಂದೆರಡು ನಿಮಿಷದ ಹಾಸ್ಯ ತುಣುಕು ತುರುಕುವುದು ಲೇರ್ಡ್‌ನ ಖಯಾಲಿ. ಒಂದು ತುಣುಕಿನಲ್ಲಿ ಡ್ರ್ಯಾಕುಲಾ ಬ್ಲಡ್ ಬ್ಯಾಂಕಿಗೆ ಹೋಗಿ ಸಾಲ ಕೇಳುತ್ತಾನೆ. ಸರ್ಲಿಂಗನಿಗೆ ಈ ತುಣುಕುಗಳನ್ನು ಕಂಡರೆ ಮೈಯೆಲ್ಲ ಉರಿ. ಆದರೂ ವಾರ ವಾರವೂ ಕಪ್ಪು ಸೂಟು ಹಾಕಿಕೊಂಡು ಕ್ಯಾನ್ವಾಸಿನ ಮುಂದೆ ನಿಂತು, ತನ್ನ ಮಾತು ನಡೆಯದ ಸರಣಿಯನ್ನು ಗಂಭೀರವಾಗಿ ಪರಿಚಯಿಸಿದ. ಆ ಸರಣಿಯಲ್ಲಿ ನನಗೆ ನಿಜವಾಗಿ ಭಯವಾದದ್ದು ಅದೊಂದೇ ದೃಶ್ಯ, ಒಬ್ಬ ಬರಹಗಾರ ತನ್ನದೇ ಹೆಸರಿಗೆ ಕಾವಲುಗಾರನಾಗಿ ನಿಂತಿರುವುದು.

ನಿರೂಪಕ ಎಂಬ ಈ ಪ್ರಾಣಿಯ ಉಪಯೋಗವೇ ಅದು, ಸರಕು ಎಂಥದ್ದೇ ಇರಲಿ ಅದರ ಮುಂದೆ ಕಾವಲು ನಿಲ್ಲುವುದು. ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ನವರು (1989ರಿಂದ 1996, 93 ಕಂತು) ಅಸ್ಥಿಪಂಜರವನ್ನೇ ಕೂರಿಸಿ ಹಳಸಲು ಜೋಕು ಹೇಳಿಸಿದರು. ಮುಂದೆ ಬರುವ ಕಥೆ ಎಂಥದ್ದೇ ಇರಲಿ, ಆ ಜೋಕಿಗಿಂತ ವಾಸಿ ಎನ್ನಿಸುತ್ತಿತ್ತು. ಅಲ್ಲಿ ಶ್ವಾರ್ಜ್‌ನೆಗ್ಗರ್ ಕೂಡ ಒಂದು ಕಂತು ನಿರ್ದೇಶಿಸಿದ್ದಾನೆ, ಟಾಮ್ ಹ್ಯಾಂಕ್ಸ್ ಕೂಡ. ತೋಳ್ಬಲವಾಗಲಿ ಒಳ್ಳೆಯತನವಾಗಲಿ ಹಾರರ್‌ಗೆ ಅರ್ಹತೆ ಎಂದು ಯಾರು ಹೇಳಿದ್ದರೋ.

ಈಗ ಜಾಣ ಡೆಲ್ ಟೋರೋಗೆ ಬರೋಣ. 2022ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅವನ ‘ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್’ ಬಂತು. ಎಂಟು ಕಂತು, ಎಂಟು ನಿರ್ದೇಶಕರು. ಡೆಲ್ ಟೋರೋ ಕೆತ್ತನೆಯ ಕಪಾಟಿನ ಪಕ್ಕ ಬಂದು ನಿಲ್ಲುತ್ತಾನೆ, ಒಂದು ಖಾನೆ ಎಳೆಯುತ್ತಾನೆ, ನಿರ್ದೇಶಕರ ಹೆಸರು ಹೇಳುತ್ತಾನೆ, ಹೋಗುತ್ತಾನೆ. ಈ ಸಲವೂ ಒಂದೂ ಕಂತನ್ನು ನಿರ್ದೇಶಿಸಲಿಲ್ಲ! ಚೆನ್ನಾಗಿದ್ದರೆ ಡೆಲ್ ಟೋರೋನ ಕಪಾಟು, ಕೆಟ್ಟಿದ್ದರೆ ಆಯಾ ನಿರ್ದೇಶಕರ ಹಣೆಬರಹ.

ಈ ಕಪಾಟಿನ ಒಂದು ಖಾನೆಯಲ್ಲಿ ನಮಗೊಂದು ಅಪರೂಪದ ಅನುಕೂಲ ಸಿಗುತ್ತದೆ. 1933ರಲ್ಲಿ ಪ್ರಕಟವಾದ ಎಚ್.ಪಿ. ಲವ್‌ಕ್ರಾಫ್ಟ್‌ನ ‘ಡ್ರೀಮ್ಸ್ ಇನ್ ದಿ ವಿಚ್ ಹೌಸ್’ ಕಥೆಯನ್ನು ‘ಮಾಸ್ಟರ್ಸ್’ನಲ್ಲಿ ಸ್ಟುವರ್ಟ್ ಗಾರ್ಡನ್ ಮಾಡಿದ್ದ, ‘ಕ್ಯಾಬಿನೆಟ್’ನಲ್ಲಿ ಕ್ಯಾಥರೀನ್ ಹಾರ್ಡ್‌ವಿಕ್ ಮಾಡಿದ್ದಾರೆ. ಎರಡರಲ್ಲೂ ಮನುಷ್ಯನ ಮುಖದ ಇಲಿ ಇದೆ. ಗಾರ್ಡನ್ನನ ಕಥಾನಾಯಕ ಬಡ ವಿದ್ಯಾರ್ಥಿ. ಬಾಡಿಗೆ ಕಡಿಮೆ ಎಂದು ಕಿತ್ತುಹೋದ ಮನೆಯಲ್ಲಿ ಕೋಣೆ ಹಿಡಿದಿದ್ದಾನೆ, ಪಕ್ಕದ ಕೋಣೆಯಲ್ಲಿ ಗಂಡನಿಲ್ಲದ ತಾಯಿ, ಹಸುಗೂಸು. ಗೋಡೆಯ ಮೂಲೆ ಕೂಡುವ ಕೋನ ಸರಿಯಿಲ್ಲ, ಅಲ್ಲಿಂದ ಏನೋ ಬರಬಹುದು. ಕುತೂಹಲ ಇಷ್ಟೇ: ಆ ಕೂಸು ಉಳಿಯುತ್ತದೆಯೇ? ಮಗುವನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಆ ತಾಯಿ ಅವನ ಕೈಗೆ ಕೊಟ್ಟಾಗಲೇ ನಮ್ಮ ಹೊಟ್ಟೆಯಲ್ಲಿ ಸಂಕಟ ಶುರು. ಇಲಿ ಸಣ್ಣದು, ತಂತ್ರ ಅಗ್ಗದ್ದು, ಕೆಲಸ ಮಾತ್ರ ಪಕ್ಕಾ.

ಹದಿನೇಳು ವರ್ಷದ ನಂತರ, ಎಷ್ಟೋ ಪಟ್ಟು ಶ್ರೀಮಂತ ಕಪಾಟಿನಲ್ಲಿ, ಅದೇ ನಾಯಕನಿಗೆ ಸತ್ತ ಅವಳಿ ತಂಗಿ ಬಂದಿದ್ದಾಳೆ. ಪ್ರೇತಗಳ ಜೊತೆ ಮಾತಾಡಿಸುವ ಸಂಘ ಬಂದಿದೆ, ಪರಲೋಕದ ಕಾಡು, ಅಲ್ಲಿಗೆ ಕಳಿಸುವ ಮದ್ದು, ಮರದ ಬೇರಿನಂಥ ಮಾಟಗಾತಿ, ಎಲ್ಲ ಬಂದಿದೆ. ಭಯ ಒಂದು ಬರಲಿಲ್ಲ. ನಾಯಕ ರೂಪರ್ಟ್ ಗ್ರಿಂಟ್, ಹ್ಯಾರಿ ಪಾಟರ್‌ನ ರಾನ್ ವೀಸ್ಲಿ. ಪಾಪದ ಹುಡುಗ, ಅಲ್ಲಿ ವರ್ಷಾನುಗಟ್ಟಲೆ ಜೇಬಿನಲ್ಲಿಟ್ಟು ಸಾಕಿದ ಇಲಿ ಕೊನೆಗೆ ಮನುಷ್ಯ ಎಂದು ಗೊತ್ತಾಗಿತ್ತು. ಇಲ್ಲೂ ಅದೇ ಗ್ರಹಚಾರ. ಬೆಳೆದು ದೊಡ್ಡವನಾದರೂ ಇಲಿಕಾಟ ತಪ್ಪಲಿಲ್ಲ.

ಅದೇ ಕಪಾಟಿನಲ್ಲಿ ‘ದಿ ಆಟಾಪ್ಸಿ’ ಇದೆ, ಅದನ್ನು ನೋಡಿ (ನಾನೂ ಪಟ್ಟಿ ಕೊಡಲು ಶುರುಮಾಡಿದೆ). ನಿರ್ದೇಶಕ ಡೇವಿಡ್ ಪ್ರಯರ್. ಯಾರೂ ಮಾಸ್ಟರ್ ಎಂದು ಕರೆಯದ ಮನುಷ್ಯ, ಅಷ್ಟರಲ್ಲಿ ಥಿಯೇಟರಿಗೆ ಬಂದ ಅವನ ಒಂದೇ ಚಿತ್ರ ಮಕಾಡೆ ಮಲಗಿತ್ತು. ಮೈಕೇಲ್ ಶೇ ಬರೆದ ಕಥೆ. ಎಫ್. ಮರ್ರೆ ಏಬ್ರಹಾಂ ಎಂಬ ಹಿರಿಯ ನಟ ಶವಪರೀಕ್ಷೆಯ ವೈದ್ಯ. ಅವನಿಗೇ ಕ್ಯಾನ್ಸರ್, ಹೆಚ್ಚು ದಿನ ಇಲ್ಲ. ಗಣಿಯಲ್ಲಿ ಸತ್ತವರ ಹೆಣಗಳನ್ನು ಒಂದೊಂದಾಗಿ ಕೊಯ್ಯುತ್ತ, ಪಕ್ಕದಲ್ಲಿ ಧ್ವನಿಮುದ್ರಣ ಯಂತ್ರ ಇಟ್ಟುಕೊಂಡು ಕಂಡದ್ದನ್ನು ಮೆಲ್ಲಗೆ ಹೇಳಿಕೊಳ್ಳುತ್ತಾನೆ. ಒಂದು ಕೋಣೆ, ಒಂದು ಮೇಜು, ಒಂದು ದೀಪ. ಒಂದು ಹೆಣ ಎದ್ದು ಕೂತ ಮೇಲೂ ಗದ್ದಲವಿಲ್ಲ, ಇಬ್ಬರೂ ಮಾತಾಡುತ್ತಾರೆ. ಮೈ ಹೊಕ್ಕು ಬದುಕುವ ಪರಜೀವಿ ತನ್ನ ಹಸಿವಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತದೆ, ಸಾಯಲು ಹೊರಟ ಮುದುಕ ಶಾಂತವಾಗಿ ಕೇಳಿಸಿಕೊಂಡು ಅದನ್ನು ಮಣಿಸುವ ಉಪಾಯ ಹುಡುಕುತ್ತಾನೆ. ಅಡ್ಡಾಡಲು ಜಾಗ ಇಲ್ಲದ್ದರಿಂದಲೇ ಕಥೆ ನೆಟ್ಟಗೆ ನಿಂತಿತೋ ಏನೋ. ಪಕ್ಕದ ಖಾನೆಗಳಲ್ಲಿ ಜಾಗ ಬೇಕಾದಷ್ಟಿತ್ತು. ಸ್ಟ್ರೀಮಿಂಗ್ ಬಂದ ಮೇಲೆ ಗಡಿಯಾರದ ಹಂಗೂ ಇಲ್ಲವಲ್ಲ, ಒಂದು ಕಂತು ಮುಕ್ಕಾಲು ಗಂಟೆ ಮುಟ್ಟುವುದಿಲ್ಲ, ಇನ್ನೊಂದು ಗಂಟೆ ದಾಟಿದರೂ ಮುಗಿಯುವುದಿಲ್ಲ. ಇದರ ಮೇಲೆ ಹಾರರ್ ಎಂಬುದರ ಕಷ್ಟವೇ ಬೇರೆ. ಹಾಸ್ಯ ಸೋತರೆ ಜನ ಸುಮ್ಮನಿರುತ್ತಾರೆ, ಪ್ರೇಮಕಥೆ ಸೋತರೆ ಹಾಡಾದರೂ ಉಳಿಯುತ್ತದೆ. ಹಾರರ್ ಸೋತರೆ ಜನ ನಗುತ್ತಾರೆ, ಮೇಲಾಗಿ ಕಂತಿಗೊಂದು ಹೊಸ ಲೋಕ, ಹೊಸ ದೆವ್ವ, ಆ ದೆವ್ವಕ್ಕೆ ಹೊಸ ಕಾನೂನು. ಇದೆಲ್ಲ ಇಷ್ಟು ಕಷ್ಟ ಎಂದು ಗೊತ್ತಿದ್ದೂ ಪ್ರತಿಯೊಂದು ಕಂಪನಿಗೂ ಒಂದು ಆಂಥಾಲಜಿ ಬೇಕು. ಎಂಟು ಹೆಸರು ಹಾಕಿದರೆ ಎಂಟು ಕಡೆಯ ಅಭಿಮಾನಿಗಳು ಬರುತ್ತಾರೆ, ಯಾವುದು ಕೆಟ್ಟರೂ ಉಳಿದದ್ದರ ಮೇಲೆ ಹಾಕಿ ಜಾರಿಕೊಳ್ಳಬಹುದು.

ಮುಂಬಯಿಯವರು ಈ ಲೆಕ್ಕವನ್ನು ಚೆನ್ನಾಗಿ ಕಲಿತಿದ್ದಾರೆ. ಝೋಯಾ ಅಖ್ತರ್, ಅನುರಾಗ್ ಕಶ್ಯಪ್, ದಿಬಾಕರ್ ಬ್ಯಾನರ್ಜಿ, ಕರಣ್ ಜೋಹರ್. ಈ ನಾಲ್ವರು 2013ರಲ್ಲಿ ‘ಬಾಂಬೆ ಟಾಕೀಸ್’ ಮಾಡಿ ಸಿನಿಮಾದ ಮೇಲಿನ ಪ್ರೀತಿ ಮುಗಿಸಿದರು, 2018ರಲ್ಲಿ ‘ಲಸ್ಟ್ ಸ್ಟೋರೀಸ್’ ಮಾಡಿ ಕಾಮ ಮುಗಿಸಿದರು, 2020ರ ಜನವರಿ ಒಂದಕ್ಕೆ ‘ಘೋಸ್ಟ್ ಸ್ಟೋರೀಸ್’ ತಂದು ದೆವ್ವಕ್ಕೆ ಕೈ ಹಾಕಿದರು. ದಿಬಾಕರ್ ತುಣುಕು ಎದೆಗೆ ಇಳಿಯುತ್ತದೆ. ದೊಡ್ಡ ಊರಿನವರು ಸಣ್ಣ ಊರಿನವರನ್ನು ತಿನ್ನುತ್ತಿದ್ದಾರೆ, ಅಲುಗಾಡದೆ, ಬಾಯಿ ಬಿಡದೆ ಇದ್ದರೆ ಮಾತ್ರ ಬದುಕಬಹುದು. ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ ಅಲ್ಲಿ ಗುರುತು ಸಿಗದಂತೆ ಪಿಶಾಚಿಯಾಗಿದ್ದಾರೆ. ಕರಣ್ ಜೋಹರ್ ತುಣುಕಿನಲ್ಲಿ ಮದುಮಗ ಸತ್ತ ಅಜ್ಜಿಗೆ ದಿನಾ ಗುಡ್‌ನೈಟ್ ಹೇಳಿ ಮಲಗುತ್ತಾನೆ. ಬಂಗಲೆ, ಪರದೆ, ಸೋಫಾ ಎಲ್ಲ ಬಹಳ ಚೆನ್ನಾಗಿವೆ. ಅಜ್ಜಿಯ ಪ್ರೇತಕ್ಕೂ ಆ ಮನೆ ಬಿಟ್ಟುಹೋಗಲು ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ.

ಅರಿಷಡ್ವರ್ಗದಲ್ಲಿ ಕಾಮ ಒಂದು ಆಗಿದೆ, ಅದಕ್ಕೆ ಬೇರೆ ನಿರ್ದೇಶಕರನ್ನು ಹಾಕಿಕೊಂಡು 2023ರಲ್ಲಿ ಎರಡನೇ ಭಾಗವೂ ಬಂತು. ಇನ್ನು ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ ಬಾಕಿ. ಒಂದೊಂದಕ್ಕೂ ನಾಲ್ಕು ಕಥೆ, ಅದರಲ್ಲಿ ಒಂದು ಚೆನ್ನಾಗಿರುತ್ತದೆ. ಮಾತ್ಸರ್ಯಕ್ಕೆ ಆ ನಾಲ್ವರನ್ನೇ ಒಂದು ಕೋಣೆಯಲ್ಲಿ ಕೂರಿಸಿ ಕ್ಯಾಮೆರಾ ಬಿಟ್ಟು ಬಂದರೂ ಆದೀತು. ಲೋಭದ ಕಂತಿಗೆ ಮಾತ್ರ ನಿರ್ದೇಶಕರನ್ನು ಹುಡುಕುವ ಖರ್ಚು ಬೇಡ, ನಿರ್ಮಾಪಕರೇ ಸಾಕು.